ಸಂಡೂರಿನ ಬೆಟ್ಟಕ್ಕೆ ಯಾವ ನಕ್ಷೆ?

ಸಂಡೂರಿನ ಬೆಟ್ಟದ ಮೇಲಿರುವ ರಾಮನದುರ್ಗಕ್ಕೆ ನಡೆದು ಹೋಗ್ತೀವಿ ಅಂದಾಗ ಬಳ್ಳಾರಿಯ ಗೆಳೆಯರೆಲ್ಲ ಕೇಳಿದ್ದು ಒಂದೇ ಮಾತು. "ಜೀಪ್ ಹೋಗ್ತೈತಲ್ಲೋ, ನಡಿಯೋದ್ಯಾಕ?"

ಹೋಗುತ್ತೆ, ನಿಜ. ಆದರೆ ಸಂಡೂರಿನ ಬೆಟ್ಟಗಳನ್ನು ಜೀಪಿನ ಕಿಟಕಿಯಿಂದ ನೋಡೋದು ನನಗೆ ಹಿಡಿಸೋದಿಲ್ಲ. ಬಳ್ಳಾರಿ ಅಂದರೆ ಬಂಡೆ, ಜಾಲಿ, ಬಿಸಿಲು ಅಷ್ಟೇ ಅಂದುಕೊಂಡವರು ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಇಲ್ಲಿಗೆ ಬರಬೇಕು. ಎದೆಮಟ್ಟ ಹುಲ್ಲು, ತಲೆಯ ಮೇಲೆ ಮೋಡ, ಕಾಲ ಕೆಳಗೆ ಕೆಂಪು ಮಣ್ಣು. ನನ್ನ ಲೆಕ್ಕದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ನಡೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆನೆಗೊಂದಿಯ ಗುಡ್ಡಗಳೂ ಚೆಂದವೇ. ಆದರೆ ಅಂಜನಾದ್ರಿಯ ಮೆಟ್ಟಿಲ ಮೇಲೆ ಜನರ ಬೆನ್ನು ನೋಡ್ತಾ ಹತ್ತೋದನ್ನು ಚಾರಣ ಅನ್ನೋಕೆ ನನಗೆ ಮನಸ್ಸಿಲ್ಲ.

ತೊಡಕು ಇದ್ದದ್ದು ದಾರಿಯದು. ಮಲೆನಾಡಾದರೆ ಅರಣ್ಯ ಇಲಾಖೆಯ ಬುಕಿಂಗ್ ಇದೆ, ಗೈಡ್ ಇದ್ದಾರೆ, ಮುಂದೆ ನಡೆದವರು ಬಿಟ್ಟುಹೋದ ಬಿಸ್ಕತ್ತಿನ ಕವರ್ ಹಿಡಿದೇ ಮೇಲೆ ಹೋಗಬಹುದು. ಇಲ್ಲಿ ಅದ್ಯಾವುದೂ ಇಲ್ಲ. ಹಾಗಾಗಿ ಹೊರಡೋಕೆ ಮುಂಚೆ ನಾನೂ ನನ್ನ ಗೆಳೆಯನೂ ನಕ್ಷೆ ಹುಡುಕೋಕೆ ಕೂತೆವು.

ಮೊದಲು ಸರ್ವೆ ಆಫ್ ಇಂಡಿಯಾದ ಟೊಪೊಶೀಟ್, ಅಂದರೆ ಬೆಟ್ಟ, ಹಳ್ಳ, ದಾರಿ ಎಲ್ಲ ತೋರಿಸುವ ಸರ್ಕಾರಿ ನಕ್ಷೆಯ ಹಾಳೆ. ಒಂದು ಕಾಲದಲ್ಲಿ ಇದನ್ನು ಕೈಗೆ ತಗೊಳ್ಳೋದೇ ಒಂದು ಸಾಹಸ ಆಗಿತ್ತು. 2005ರ ನಕ್ಷೆ ನೀತಿ ಬಂದಮೇಲೆ ಸೈನ್ಯಕ್ಕೆ ಬೇರೆ, ಸಾರ್ವಜನಿಕರಿಗೆ ಬೇರೆ ಅಂತ ಎರಡು ಸರಣಿ ಮಾಡಿದರು. 2017ರಲ್ಲಿ ಸಾರ್ವಜನಿಕ ಹಾಳೆಗಳನ್ನು ಆಧಾರ್ ಕೊಟ್ಟು ಇಳಿಸಿಕೊಳ್ಳುವ ಹಾಗಾಯಿತು. 2021ರಲ್ಲಿ ನಿಯಮ ಇನ್ನಷ್ಟು ಸಡಿಲವಾಯಿತು. ಅಳತೆ 1:50,000, ಅಂದರೆ ಕಾಗದದ ಮೇಲಿನ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಬಣ್ಣದ ಕಾಂಟೂರ್ ಗೆರೆಗಳು ಎತ್ತರದ 20 ಮೀಟರಿಗೊಂದು. ಗೆರೆಗಳು ಒತ್ತೊತ್ತಾಗಿದ್ದರೆ ಮಂಡಿ ನೋವು ಖಾತ್ರಿ. ಹಳ್ಳ ನೀಲಿಯಲ್ಲಿದ್ದರೆ ನೀರುಂಟು, ಕಪ್ಪು ಗೆರೆಯಾಗಿದ್ದರೆ ಒಣ ಹಳ್ಳ. ಬಾಟಲಿ ಎಷ್ಟು ಹೊರಬೇಕು ಅನ್ನೋದು ಈ ಬಣ್ಣದ ಮೇಲೆ ನಿಂತಿದೆ. ಸಂಡೂರು ಇರೋದು ಹಳೇ ಸಂಖ್ಯೆಯ 57 ಎ/12ರಲ್ಲಿ, ಅದರ ಪಶ್ಚಿಮಕ್ಕೆ 57 ಎ/8. ರಾಮನದುರ್ಗದ ಸಾಲು ಸರಿಯಾಗಿ ಎರಡರ ಅಂಚಿಗೆ ಬಂದು ಬೀಳುತ್ತೆ. ನಮಗೆ ಬೇಕಾದ ಬೆಟ್ಟ ಯಾವಾಗಲೂ ಹಾಳೆಯ ಅಂಚಿನಲ್ಲೇ ಇರುತ್ತೆ, ಅಲ್ವಾ?

ಎರಡನೆಯದು ಜನರೇ ಸೇರಿ ಬರೆಯುವ, ಫೋನಿನೊಳಗಿನ ಓಪನ್‌ಸ್ಟ್ರೀಟ್‌ಮ್ಯಾಪ್. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಥರದ ಆ್ಯಪ್‌ಗಳಲ್ಲಿ ಮೊದಲೇ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತೆ. ಮೂರನೆಯದು ಗೆಳೆಯನ ಹುಚ್ಚು. 1950ರ ದಶಕದಲ್ಲಿ ಅಮೆರಿಕದ ಸೈನ್ಯ ತಯಾರಿಸಿದ ಭಾರತದ 1:2,50,000 ಅಳತೆಯ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದವರು ಪುಕ್ಕಟೆಯಾಗಿ ಇಟ್ಟಿದ್ದಾರೆ. ಅಷ್ಟು ಸಣ್ಣ ಅಳತೆಯಲ್ಲಿ ಕಾಲುದಾರಿ ಹುಡುಕೋದು ವ್ಯರ್ಥ ಅಂತ ನಾನು ಅಂದೆ. ಅವನು ಕೇಳಲಿಲ್ಲ.

ಇನ್ನು ಪ್ರಿಂಟಿನ ವಿಷಯ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತೆ. ಒಂದು ಟೊಪೊಶೀಟ್ ಪೂರ್ತಿ ಅಳತೆಯಲ್ಲಿ ಹತ್ತತ್ತಿರ 55 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ಮೇಲೆ ಅಂಚಿನ ಬರಹ ಬೇರೆ. ಅದಕ್ಕೆ ಎ1 ಕಾಗದವೇ ಬೇಕು. ಜೆರಾಕ್ಸ್ ಅಂಗಡಿಯವನಿಗೆ "ಅಳತೆ ಬದಲಿಸಬೇಡಿ" ಅಂತ ಬರೆದೇ ಕೊಟ್ಟಿದ್ದೆ. ಅವನು ಜಾಣತನ ಮಾಡಿ ಕಾಗದಕ್ಕೆ ಹೊಂದುವ ಹಾಗೆ ಎ3ಗೆ ಕುಗ್ಗಿಸಿ, ಚೆಂದವಾಗಿ ಲ್ಯಾಮಿನೇಟ್ ಮಾಡಿ, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ. ಬಿಚ್ಚಿ ನೋಡಿದ್ದು ಸಂಡೂರಿನ ಲಾಡ್ಜಿನಲ್ಲಿ. ಸ್ಕೇಲ್ ಇಟ್ಟರೆ ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಚಿಲ್ಲರೆ! ಊರ ಹೆಸರುಗಳು ಇರುವೆ ಸಾಲಿನ ಹಾಗೆ. ನೀವು ಪ್ರಿಂಟ್ ಹಾಕಿಸೋದಾದರೆ ದೊಡ್ಡ ಹಾಳೆ ಅಚ್ಚು ಹಾಕುವ ಪ್ಲಾಟರ್ ಇರುವ ಅಂಗಡಿಗೆ ಹೋಗಿ, ಬದಿಯಲ್ಲೇ ನಿಂತುಕೊಳ್ಳಿ. ಹಾಳೆ ಹೊರಗೆ ಬಂದ ತಕ್ಷಣ ಕೆಳಗಿರುವ ಅಳತೆಪಟ್ಟಿಯ ಮೇಲೆ ಸ್ಕೇಲ್ ಇಟ್ಟು ನೋಡಿ. ದುಡ್ಡು ಆಮೇಲೆ ಕೊಡಿ.

ಸಂಡೂರಿನಲ್ಲಿ ಕಳೆದ ಸಮಯದ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ವಲಯ ಅರಣ್ಯ ಕಚೇರಿಯಲ್ಲಿ ಅನುಮತಿ ಕೇಳಿದೆವು, ಕೊಟ್ಟರು. ಕರಡಿ ಇವೆ, ಕತ್ತಲಾಗೋಕೆ ಮುಂಚೆ ಊರು ಸೇರಿಕೊಳ್ಳಿ ಅಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಬೆಳಿಗ್ಗೆ ಓಬಳಗಂಡಿಯ ಕಡೆ ನಡೆದೆವು. ಪಶ್ಚಿಮದ ಬೆಟ್ಟವನ್ನು ಸೀಳಿಕೊಂಡು ನಾರಿಹಳ್ಳ ಇಲ್ಲೇ ಕಣಿವೆಯ ಒಳಗೆ ಬರುತ್ತೆ. ಹೊರಗೆ ಹೋಗೋದು ಪೂರ್ವದ ಭೀಮಗಂಡಿಯಿಂದ. ಬೆಟ್ಟದ ಎರಡು ಗೋಡೆಗೂ ಒಂದೊಂದು ಬಾಗಿಲು ಇಟ್ಟ ಹಾಗೆ.

ಮುಂದೆ ಫೋನ್ ತೋರಿಸಿದ ಜಾಡು ಹಿಡಿದೆವು. ಪರದೆಯ ಮೇಲೆ ಚುಕ್ಕೆ ಚುಕ್ಕೆಯ ಕಾಲುದಾರಿ ನೇರ ದಿಬ್ಬದ ಮೇಲಕ್ಕೆ ಹೋಗಿತ್ತು. ಗಂಟೆಗಟ್ಟಲೆ ಹತ್ತಿದ ಮೇಲೆ ಅದು ಲಾರಿ ಓಡಾಡುವಷ್ಟು ಅಗಲವಾಯಿತು. ಅದರ ಕೊನೆಗೆ ಒಂದು ಗೇಟು, ಗೇಟಿನ ಹಿಂದೆ ಒಬ್ಬ ಕಾವಲುಗಾರ. ಗಣಿಯ ರಸ್ತೆ. ಯಾರೋ ಎಲ್ಲೋ ಕೂತು ಉಪಗ್ರಹದ ಚಿತ್ರದಲ್ಲಿ ಕೆಂಪು ಗೀಟು ಕಂಡು ಕಾಲುದಾರಿ ಅಂತ ಗುರುತು ಹಾಕಿದ್ದರು. ಇದು ಅದಿರಿನ ಸೀಮೆ, ಇಲ್ಲಿ ಕೆಂಪಾಗಿ ಕಂಡದ್ದೆಲ್ಲ ದಾರಿಯಲ್ಲ. ಕಾವಲುಗಾರ ಒಳ್ಳೆಯವನೇ, ನೀರು ಕೊಟ್ಟ. ಒಳಗೆ ಬಿಡಲಿಲ್ಲ. ಬಂದ ದಾರಿಯಲ್ಲೇ ಅರ್ಧ ಇಳಿದೆವು.

ಆ ಎ3 ಹಾಳೆಯೇ ಆಗ ಕೈ ಹಿಡಿಯಿತು. ಅಳತೆ ಕೆಟ್ಟರೂ ಕಾಂಟೂರ್‌ನ ಆಕಾರ ಕೆಡೋದಿಲ್ಲವಲ್ಲ. ಬೆಟ್ಟದ ಬೆನ್ನಿನಂಥ ಒಂದು ಏಣು ಹಿಡಿದು, ಹುಲ್ಲಿನ ಮಧ್ಯೆ ದನದ ಜಾಡು ನೋಡಿಕೊಂಡು ನೆತ್ತಿ ಸೇರಿದೆವು. ಅಲ್ಲಿ ದಿಕ್ಸೂಚಿ ಇಟ್ಟು ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿದೆ. ಈ ಕಡೆ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ತೀರಾ ಕಡಿಮೆ. ಲೆಕ್ಕದ ತಲೆನೋವು ಇಲ್ಲ. ಕಬ್ಬಿಣದ ಅದಿರಿನ ಬಂಡೆ ಮೇಲೆ ಮಾತ್ರ ದಿಕ್ಸೂಚಿ ಇಡಬೇಡಿ, ಮುಳ್ಳು ಸುಮ್ನೆ ಅಲೆದಾಡುತ್ತೆ.

ನಕ್ಷೆಯ ಪ್ರಕಾರ ಎದುರಿಗೆ ನಮಗಿಂತ ಎತ್ತರದ ಒಂದು ನೆತ್ತಿ ಇರಬೇಕಿತ್ತು. ಒಳಗೊಳಗೆ ಸುತ್ತಿದ ಕಂದು ಗೆರೆಗಳು, ನಡುವೆ ಎತ್ತರದ ಅಂಕಿ. ಎದುರಿಗೆ ನೋಡಿದರೆ ನೆತ್ತಿ ಇಲ್ಲ. ಕಣ್ಣಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ನೆಲ ಇತ್ತು. ನಾವೇ ತಪ್ಪು ಜಾಗದಲ್ಲಿ ನಿಂತಿರಬಹುದು ಅಂತ ಗೆಳೆಯ ಫೋನ್ ತೆಗೆದ. ಅವನ ಫೋನಿನಲ್ಲಿ ನಮ್ಮ ಎತ್ತರ ಒಂದು, ನನ್ನದರಲ್ಲಿ ಇನ್ನೊಂದು, ನಡುವೆ 80 ಮೀಟರಿನಷ್ಟು ಅಂತರ. ಇದಕ್ಕೆ ಗಣಿ ಕಾರಣ ಅಲ್ಲ. ಜಿಪಿಎಸ್ ಲೆಕ್ಕ ಹಾಕೋದು ಒಂದು ನುಣುಪಾದ ಗಣಿತದ ಗೋಳದಿಂದ, ನಕ್ಷೆ ಲೆಕ್ಕ ಹಾಕೋದು ಸಮುದ್ರಮಟ್ಟದಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟ ಆ ಗೋಳಕ್ಕಿಂತ ಅಷ್ಟು ಕೆಳಗಿದೆ. ಕೆಲವು ಆ್ಯಪ್ ಇದನ್ನು ಸರಿಮಾಡಿ ತೋರಿಸುತ್ತವೆ, ಕೆಲವು ತೋರಿಸೋದಿಲ್ಲ. ಅದನ್ನು ಕೂಡಿ ಕಳೆದು, ಅಕ್ಕಪಕ್ಕದ ಏಣುಗಳನ್ನು ನಕ್ಷೆಗೆ ಹೊಂದಿಸಿ ನೋಡಿದೆವು. ನಾವು ನಿಂತ ಜಾಗ ಸರಿಯಾಗಿಯೇ ಇತ್ತು. ಬೆಟ್ಟವೇ ಇರಲಿಲ್ಲ.

ಗಣಿಗಾರಿಕೆ ಬಗ್ಗೆ ಓದಿದ್ದೆ, ಲಾರಿಗಳ ಧೂಳು ಕುಡಿದಿದ್ದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿದ್ದೂ ಗೊತ್ತಿತ್ತು. ಆದರೆ ಕಾಗದದ ಮೇಲೆ ಇರುವ ಬೆಟ್ಟವನ್ನು ಎದುರಿಗೆ ಹುಡುಕಿ ಸಿಗದೇ ಹೋದದ್ದು ಬೇರೆಯೇ ಥರ. ಗೆಳೆಯ ತುಂಬಾ ಹೊತ್ತು ಮಾತಾಡಲಿಲ್ಲ. ನಾನು ಆ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತೆ.

ರಾಮನದುರ್ಗ ಸೇರಿದಾಗ ಸಂಜೆಯಾಗುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 990 ಮೀಟರ್. 1840ರ ದಶಕದಲ್ಲಿ ಬಳ್ಳಾರಿಯ ಬಿಸಿಲು ತಾಳದ ಬ್ರಿಟಿಷ್ ಸೈನಿಕರಿಗೆ ಇಲ್ಲಿ ಆರೋಗ್ಯಧಾಮ ಮಾಡಿದ್ದರು. ಪಾಳು ಬಂಗಲೆಗಳ ಫೋಟೋ ಎಲ್ಲರೂ ಹಾಕ್ತಾರೆ, ನನಗೆ ಅವು ಅಷ್ಟೇನೂ ರುಚಿಸಲಿಲ್ಲ. ರುಚಿಸಿದ್ದು ಗುಡಿಯ ಕಟ್ಟೆಯ ಮೇಲೆ ಸಿಕ್ಕ ಒಬ್ಬ ಹಿರಿಯರ ಮಾತು.

ನಾವು ಹಾಳೆ ಹರಡಿದ್ದು ಕಂಡು ಅವರೇ ಬಂದು ಕೂತರು. ಗಣಿಗಳ ಸರ್ವೆಯವರ ಜೊತೆ ಕೋಲು ಹಿಡಿದು, ಸರಪಳಿ ಎಳೆದು ವಯಸ್ಸು ಕಳೆದವರು. ಎದುರಿನ ಬೆಟ್ಟದ ಬಗ್ಗೆ ಕೇಳಿದೆ. "ಮೊದ್ಲು ನಕ್ಷಾದ ಇಸ್ವಿ ನೋಡ್ರಿ," ಅಂದರು. "ಅಳತಿ ಮಾಡಿದ್ದು ಯಾವಾಗ, ಅಚ್ಚು ಹಾಕಿದ್ದು ಯಾವಾಗ, ಎರಡೂ ಅಂಚಿನಾಗ ಬರ್ದಿರ್ತಾರ. ಅಚ್ಚಿನ ಇಸ್ವಿ ನಂಬಬ್ಯಾಡ್ರಿ."

ಗಣಿ ಗುತ್ತಿಗೆಗಳ ಹಳೇ ಸ್ಕೆಚ್‌ಗಳ ಬಗ್ಗೆ ಕೇಳಿದ್ದಕ್ಕೆ ನಕ್ಕರು. ಮೂರು ಊರಿನ ಗಡಿ ಕೂಡುವ ಬಾಂದುಕಲ್ಲು, ಎರಡು ಹಳ್ಳ ಸೇರುವ ಜಾಗ, ಇಂಥವನ್ನು ಆಧಾರ ಮಾಡಿಕೊಂಡು ಅಳತೆ ಶುರು ಮಾಡುತ್ತಿದ್ದರಂತೆ. "ಕಲ್ಲು ಕಿತ್ತು ಒಗದ್ರ ನಕ್ಷಾ ಎಲ್ಲಿಗೆ ಬೇಕಾದ್ರೂ ಸರೀತೈತಿ. ಆಂಧ್ರದ ಗಡಿ ಕಲ್ಲನ್ನೇ ಬಿಡ್ಲಿಲ್ಲ, ಇನ್ನ ಇದ್ಯಾವ ಲೆಕ್ಕ?" ಕೋರ್ಟ್ ಆದೇಶದ ಮೇಲೆ ಗಣಿಗಳನ್ನೆಲ್ಲ ಮತ್ತೆ ಅಳೆದು ಎ, ಬಿ, ಸಿ ಅಂತ ವಿಂಗಡಿಸಿದಾಗಲೂ ಇವರು ಕೋಲು ಹಿಡಿದಿದ್ದರು. ತೀರಾ ಹೆಚ್ಚು ಒತ್ತುವರಿ ಮಾಡಿದ ಸಿ ಗುಂಪಿನ ಗುತ್ತಿಗೆಗಳು 2013ರಲ್ಲಿ ರದ್ದಾದವು. "ಅಲ್ಲಿ ಈಗ ಹುಲ್ಲು ಬಂದೈತಿ. ನಿಮ್ಮ ಫೋನಿನ್ಯಾಗ ಇನ್ನೂ ರಸ್ತೆ ತೋರಸ್ತೈತೇನು?" ತೋರಿಸುತ್ತಿತ್ತು.

ಅಷ್ಟರಲ್ಲಿ ಗೆಳೆಯ ತನ್ನ ಅಮೆರಿಕದ ನಕ್ಷೆ ತೆಗೆದ. ಹಿರಿಯರು ಕನ್ನಡಕ ಒರೆಸಿಕೊಂಡು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದಿದರು. ಬೆರಳು ಪಶ್ಚಿಮಕ್ಕೆ ಸರಿದು ನಾರಾಯಣದೇವರಕೆರೆ ಅನ್ನೋ ಹೆಸರಿನ ಮೇಲೆ ನಿಂತಿತು. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರು. ಅಲ್ಲಿಂದ ಎದ್ದು ಬಂದವರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು.

"ನಮ್ಮವ್ವನ ತವರಮನಿ," ಅಂದರು. "ಇದ್ರಾಗ ನೀರಽ ಇಲ್ಲಲ್ರಿ."

ನಕ್ಷೆ ತಯಾರಾದದ್ದು ಹಳೇ ಸರ್ವೆಯ ಮೇಲೆ. ಹಾಗಾಗಿ ಅಲ್ಲಿ ಜಲಾಶಯ ಇಲ್ಲ, ಹೊಳೆ ಇದೆ, ದಂಡೆಯ ಊರುಗಳಿವೆ. ಅವ್ವ ಹೇಳ್ತಿದ್ದ ಹಳ್ಳಿಗಳ ಹೆಸರನ್ನು ಅವರು ಒಂದೊಂದಾಗಿ ಕೇಳಿದರು. ಕೆಲವು ಸಿಕ್ಕವು, ಕೆಲವು ಆ ಅಳತೆಗೆ ಸಣ್ಣವು. ಹೊಸಪೇಟೆಯಿಂದ ಅವ್ವನ ಊರಿಗೆ ಬಂಡಿ ಯಾವ ಕಡೆಯಿಂದ ಹೋಗ್ತಿತ್ತು ಅಂತ ಅವರು ಬೆರಳಲ್ಲಿ ಗೀರಿ ತೋರಿಸಿದರು. ಆ ದಾರಿ ನಕ್ಷೆಯಲ್ಲೂ ಇತ್ತು. ಚಾರಣಕ್ಕೆ ಮೂರು ಕಾಸಿಗೂ ಬಾರದ್ದು ಅಂತ ನಾನು ಬೈದಿದ್ದ ಹಾಳೆಯ ಮುಂದೆ ಮೂವರೂ ಕತ್ತಲಾಗುವ ತನಕ ಕೂತಿದ್ದೆವು. ಗೆಳೆಯ ಅದನ್ನು ಅವರಿಗೇ ಕೊಟ್ಟ.

ಪ್ರತಿಯಾಗಿ ಅವರು ನಮ್ಮ ಎ3ರ ಮೇಲೆ ಪೆನ್ನಿನಲ್ಲಿ ಎರಡು ಕಡೆ ಸೊನ್ನೆ ಹಾಕಿದರು. ನೀರಿನ ಜಾಗಗಳು, ಟೊಪೊಶೀಟಿನಲ್ಲಿ ಇಲ್ಲದವು. ಇಳಿಯುವಾಗ ಒಂದು ಸಿಕ್ಕಿತು. ಬಂಡೆ ಸಂದಿಯಲ್ಲಿ ಕೈಯಗಲದ ಒರತೆ, ತಣ್ಣಗಿತ್ತು.

ಊರಿಗೆ ಬಂದ ಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ಆ ಕಾಲುದಾರಿಯನ್ನು ಗಣಿಯ ಖಾಸಗಿ ರಸ್ತೆ ಅಂತ ತಿದ್ದಿದೆ. ಯಾರು ಬೇಕಾದರೂ ತಿದ್ದಬಹುದು, ಹತ್ತು ನಿಮಿಷದ ಕೆಲಸ. ನಾವು ಹತ್ತಿದ ಏಣಿನ ಜಾಡನ್ನೂ ಸಿಕ್ಕ ಒರತೆಯನ್ನೂ ಸೇರಿಸಿದ್ದೇನೆ. ಎರಡನೇ ಸೊನ್ನೆ ಇನ್ನೂ ಹಾಕಿಲ್ಲ. ಅಲ್ಲಿ ಬೇಸಿಗೆಯಲ್ಲೂ ನೀರಿರುತ್ತೆ ಅಂತ ಹಿರಿಯರ ಮಾತು. ಗೆಳೆಯ ನಂಬಿದ್ದಾನೆ, ನನಗೆ ಅನುಮಾನ. ಏಪ್ರಿಲ್‌ನಲ್ಲಿ ಹೋಗಿ ನೋಡಿಬಂದು ಹಾಕೋದು ಅಂತ ಮಾತಾಗಿದೆ.