‘ಸೌದೆ ಇಲ್ಲಿ ಹಾಕು’

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಏ, ಅಲ್ಲಲ್ಲ, ಸೌದೆ ಇಲ್ಲಿ ಹಾಕು." ಹೇಳಿದ್ದು ನನ್ನ ಮೈದುನನ ಮಗ, ಅವನಿಗೆ 9 ವರ್ಷ. ಹೇಳಿಸಿಕೊಂಡವರಿಗೆ 70 ದಾಟಿದೆ. "ಆಯ್ತು ಸಣ್ಣ ಸಾವ್ಕಾರ್ರೆ" ಅಂದರು. ಇಳಿಸಿದ್ದ ಹೊರೆಯನ್ನು ಮತ್ತೆ ತಲೆಗೆ ಏರಿಸಿಕೊಂಡು ಹಂಡೆ ಒಲೆಯ ಕಡೆ ನಡೆದರು.

ಆಗ ನಾವು ಏಳೆಂಟು ಜನ ಜಗಲಿಯಲ್ಲಿ ಕೂತಿದ್ದೆವು. ಮಾತಾಡುತ್ತಿದ್ದದ್ದು ಗೌರವದ ಬಗ್ಗೆಯೇ.

ಊರಿನ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಬರೆಯಬೇಕಿತ್ತು. ಕೊಡಗಿನ ಸಂಸ್ಕೃತಿ ತೋರಿಸುವ ಸಂಜೆ ಅದು. ಉಮ್ಮತ್ತಾಟ್, ಬೊಳಕಾಟ್, ಕೋಲಾಟ ಎಲ್ಲ ಬರೆದಾಗಿತ್ತು. ಕೊನೆಯಲ್ಲಿ ‘ಯರವರ ಕುಣಿತ’ ಅಂತ ಇತ್ತು. ಯರವರು ಅಂದರೆ ನಮ್ಮ ಕಡೆಯ ತೋಟಗಳಲ್ಲಿ ದುಡಿಯುವ ಕಾಡಿನ ಜನ, ಸೌದೆ ಹೊತ್ತವರೂ ಅವರಲ್ಲೊಬ್ಬರು. ಒಬ್ಬರು ತಡೆದರು. ಹಾಗೆ ಹಾಕಬಾರದು, ‘ಗಿರಿಜನ’ ಅನ್ನಿ ಅಂದರು. ಇನ್ನೊಬ್ಬರಿಗೆ ‘ಆದಿವಾಸಿ’ಯೇ ಬೇಕಿತ್ತು. ಮತ್ತೊಬ್ಬರಿಗೆ ‘ಬುಡಕಟ್ಟು’.

ನಿವೃತ್ತ ಮೇಷ್ಟ್ರೊಬ್ಬರು ಸಂವಿಧಾನ ಸಭೆಯ ಕತೆ ಹೇಳಿದರು. 1928ರ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡದ ನಾಯಕನಾಗಿದ್ದ ಜೈಪಾಲ್ ಸಿಂಗ್ ಮುಂಡಾ ಆ ಸಭೆಯಲ್ಲಿ ಆದಿವಾಸಿ ಅನ್ನೋ ಪದಕ್ಕಾಗಿ ಹಟ ಹಿಡಿದಿದ್ದರಂತೆ. ಆ ಪದಕ್ಕೆ ಕಾನೂನಿನಲ್ಲಿ ನಿಖರ ಅರ್ಥವಿಲ್ಲ, ಪರಿಶಿಷ್ಟ ಪಂಗಡ ಅಂದರೆ ಯಾರ‍್ಯಾರು ಅಂತ ಪಟ್ಟಿ ಇರುತ್ತದೆ ಅಂತ ಅಂಬೇಡ್ಕರ್ 1948ರಲ್ಲಿ ಉತ್ತರ ಕೊಟ್ಟರಂತೆ. ಮೇಷ್ಟ್ರು ತುಂಬಾ ಓದಿದವರು, ಅವರ ಮೇಲೆ ನನಗೆ ಗೌರವ ಇದೆ. ಆದರೆ ಅವರ ಮಾತಿನ ನಡುವೆಯೇ ಹುಡುಗನ ಆ ಮಾತು ಬಂತು. ಅವರು ತಿರುಗಿ ನೋಡಲಿಲ್ಲ. ನಾನೂ ಸುಮ್ಮನಿದ್ದೆ.

ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಕೆಟ್ಟವನಲ್ಲ. ಪಕ್ಕದ ತೋಟದ ಅಜ್ಜನಿಗೆ "ನೀವು, ಬನ್ನಿ" ಅಂತಲೇ ಹೇಳುತ್ತಾನೆ. ಹಾಲು ತರುವವರಿಗೂ ಹಾಗೇ. ಇವರೊಬ್ಬರಿಗೆ ಮಾತ್ರ ಏಕವಚನ. ಯಾರೂ ಅವನನ್ನು ಕೂರಿಸಿ ಕಲಿಸಿದ್ದಲ್ಲ. ನನ್ನ ಮಾವ ಹಾಗೆ ಕರೆಯುತ್ತಿದ್ದರು, ನನ್ನ ಗಂಡ ಹಾಗೆ ಕರೆಯುತ್ತಾರೆ. ಮದುವೆಯಾಗಿ ಈ ತಿತಿಮತಿ ಕಡೆಗೆ ಬಂದ ಮೊದಲ ವಾರದಲ್ಲೇ ನಾನೂ ಕಲಿತೆ. ಆಗ ನನಗೆ 22, ಅವರಿಗೆ ಆಗಲೇ ಮೊಮ್ಮಗ ಇದ್ದ.

ಇದೂ ನಮ್ಮ ಸಂಸ್ಕೃತಿಯೇ ಅಲ್ವಾ? ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ, ಅಷ್ಟೇ.

ಹೆಸರಿನ ಬಗ್ಗೆ ನನಗೆ ಬೇರೆಯೇ ಒಂದು ಯೋಚನೆ. ನನ್ನ ತವರು ಭಾಗಮಂಡಲದ ಕಡೆ, ಮನೆಮಾತು ಅರೆಭಾಷೆ. ಹೊರಗಿನವರಿಗೆ ‘ಅರೆ’ ಅಂದರೆ ಅರ್ಧ. ನಮಗೆ ಯಾವತ್ತೂ ಅದು ಅವಮಾನ ಅನ್ನಿಸಿಲ್ಲ. 2011ರಲ್ಲಿ ಸರ್ಕಾರ ಅಕಾಡೆಮಿ ಮಾಡಿದಾಗಲೂ ಅದೇ ಹೆಸರು ಇಟ್ಟುಕೊಂಡೆವು, ಖುಷಿಯಿಂದಲೇ. ಅದು ನಾವೇ ಒಪ್ಪಿಕೊಂಡ ಹೆಸರು. ಆದರೆ ಬೆಂಗಳೂರಿನಲ್ಲಿ ಯಾರಾದರೂ "ಓ, ನೀವು ಕೂರ್ಗಿನಾ?" ಅಂದರೆ ಮೈ ಉರಿಯುತ್ತದೆ. ಆ ಪದದಲ್ಲಿ ಬೈಗುಳ ಏನೂ ಇಲ್ಲ. ಕೇಳದೆ ಅಂಟಿಸಿದ್ದು, ಅದೇ ಉರಿ. ಇನ್ನು ಯರವ ಅನ್ನುವುದು ಎರವಲು ಅನ್ನುವ ಪದದಿಂದ ಬಂತು ಅಂತ ಒಂದು ವಿವರಣೆ ಇದೆ. ಗಡಿಯಾಚೆ ವಯನಾಡಿನಲ್ಲಿ ಇದೇ ಜನರನ್ನು ಅಡಿಯ ಅನ್ನುತ್ತಾರೆ. ಅಡಿಯ ಅಂದರೆ ಆಳು, ಜೀತದವನು. ಈ ಕಡೆ ಎರವು, ಆ ಕಡೆ ಜೀತ. ಎರಡೂ ತೋಟದವರ, ಗದ್ದೆಯವರ ಬಾಯಿಂದ ಬಂದ ಹೆಸರುಗಳ ಹಾಗೆಯೇ ಕೇಳುತ್ತವೆ.

ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದೆ. ಅವರು ಕತ್ತಿ ಮಸೆಯುತ್ತಿದ್ದರು. ಎಡಗೈ ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಿದ್ದರು. "ಬನ್ನಿ, ಕಾಫಿ ತಗೊಳ್ಳಿ" ಅಂದೆ. ಅವರು ಹಿಂದೆ ತಿರುಗಿ ನೋಡಿದರು. ಅಲ್ಲಿ ದನದ ಕೊಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ. "ನನಗಾ ಅಮ್ಮಾ?" ಅಂದರು.

ಏನು ಹೇಳಬೇಕು ಅಂತ ತೋಚದೆ ಪತ್ರಿಕೆಯ ವಿಷಯ ತೆಗೆದೆ. ನಿಮ್ಮವರು ಏನಂತ ಹೇಳಿಕೊಳ್ಳುತ್ತೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಕತ್ತಿಯನ್ನೇ ನೋಡುತ್ತಿದ್ದರು.

"ನಮ್ಮೊಳಗೆ ರಾವುಳ ಅಂತೀವಿ. ನೀವು ಯರವ ಅಂತೀರಿ. ಪೇಟೆಯಿಂದ ಬಂದವರು ಇನ್ನೇನೋ ಅಂತಾರೆ." ಕಾಫಿ ಕುಡಿದು ಮುಗಿಸಿದರು. ಆಮೇಲೆ, "ಕುಣಿಯೋಕೆ ಯಾರು ಬರ್ತಾರಂತೆ?"

ಯಾರನ್ನೂ ಕೇಳಿರಲಿಲ್ಲ. ಹಾಡಿಗೆ, ಅಂದರೆ ಅವರ ಕೇರಿಗೆ, ಹೋಗಿ ಹೇಳಿದರೆ ಬರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು.

"ದುಡಿ ಹಬ್ಬಕ್ಕೂ ಬಾರಿಸ್ತೀವಿ, ಸಾವಿಗೂ ಬಾರಿಸ್ತೀವಿ ಅಮ್ಮಾ. ಅವರಿಗೆ ಯಾವುದು ಬೇಕಂತೆ?"

ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. 40 ವರ್ಷ ನಮ್ಮ ತೋಟದಲ್ಲಿ ದುಡಿದವರು. ಅವರ ಮನೆಯಲ್ಲಿ ಸಾವಾದಾಗ ಏನು ಮಾಡುತ್ತಾರೆ ಅಂತ ನನಗೆ ಗೊತ್ತಿಲ್ಲ. ನಮ್ಮ ಮನೆಯ ಎರಡು ಸಾವಿಗೂ ಅವರೇ ಸೌದೆ ಒಡೆದರು.

ಈಗ ದೇವರಪುರದ ಕುಂಡೆ ಹಬ್ಬ ನೆನಪಾಗುತ್ತಿದೆ. ಮೇ ತಿಂಗಳಲ್ಲಿ ಆ ಒಂದು ದಿನ ಕಾಡಿನ ಜನ ವೇಷ ಹಾಕಿಕೊಂಡು, ಕುಣಿದುಕೊಂಡು ಬರುತ್ತಾರೆ. ದೇವರನ್ನೂ ಬೈಯುತ್ತಾರೆ, ದಾರಿಯಲ್ಲಿ ಸಿಕ್ಕವರನ್ನೂ ಬೈಯುತ್ತಾರೆ. ಸಾವ್ಕಾರ ಅಂತಲೂ ನೋಡುವುದಿಲ್ಲ. ನಾವು ಮೊಬೈಲ್ ಹಿಡಿದು ನಗುತ್ತಾ ನಿಲ್ಲುತ್ತೇವೆ. ಕಳೆದ ಸಲ ನಾನೂ ನಿಂತಿದ್ದೆ. ಉಳಿದ 364 ದಿನ ಬಾಯಿಗೆ ಬಾರದ್ದು ಅವತ್ತು ಬರುತ್ತಿದೆ ಅಂತ ನನಗೆ ಆಗ ಹೊಳೆದಿರಲಿಲ್ಲ.

ಹುಡುಗನನ್ನು ಬೈಯಲಿಲ್ಲ. ಜೊತೆಗೆ ಕೂರಿಸಿಕೊಂಡು, ಇನ್ನು ಮೇಲೆ ಅವರನ್ನು "ಅಜ್ಜಾ, ಬನ್ನಿ" ಅಂತ ಕರಿ ಅಂದೆ. "ಅಪ್ಪ ಹಾಗೆ ಕರೆಯಲ್ವಲ್ಲ ದೊಡ್ಡಮ್ಮ?" ಅಂದ. ಮೈದುನನ ಹತ್ತಿರ ಮಾತಾಡಿದೆ. ಅವನು ತಲೆ ತಗ್ಗಿಸಿದ, ಉತ್ತರ ಕೊಡಲಿಲ್ಲ. ಗಂಡನ ಹತ್ತಿರ ಇನ್ನೂ ಆಡಬೇಕು.

ಬುಧವಾರ ಪತ್ರಿಕೆ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ‘ರಾವುಳರ ಕುಣಿತ’ ಅಂತ ಬರೆಯಿರಿ, ಅದಕ್ಕೂ ಮೊದಲು ಹಾಡಿಗೆ ಹೋಗಿ ಅವರು ಬರುತ್ತಾರಾ ಅಂತ ಕೇಳಿ ಅಂದೆ.

"ರಾವುಳ ಅಂದ್ರೆ ಯಾರಿಗೂ ಗೊತ್ತಾಗಲ್ಲ ಅಕ್ಕ."

"ಗೊತ್ತಿಲ್ಲದವರು ಕೇಳ್ತಾರೆ. ಹೇಳೋಣ."

ಶನಿವಾರ ನಾನೂ ಜೊತೆಗೆ ಬರುತ್ತೇನೆ ಅಂದಿದ್ದೇನೆ. ಹಾಡಿ ನಮ್ಮ ಗೇಟಿನಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಹೋಗಿಲ್ಲ.