6 ಮೀಟರ್ ಒಳಗಿನ ಹ್ಯಾಕರ್‌ಗಳು: ಶೀಟ್ ಕೆಲಸ ಎಲ್ಲಿಗೆ ಬಂತು

ಮೊದಲ ವಾರ

ದೀಪಾವಳಿ ರಜೆಗೆ ನಮ್ಮ ಗುಂಪು ಮೈಸೂರಿನಲ್ಲಿ ಸೇರುತ್ತದೆ. ಈ ಸಲ ಸೈಬರ್‌ಪಂಕ್ ರೆಡ್ ಆಡಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಟೇಬಲ್ ಸುತ್ತ ಕೂತು ದಾಳ ಹಾಕುತ್ತಾ ಆಡುವ ಆಟ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಐವರಲ್ಲಿ ಮೂವರು ಈ ಆಟ ನೋಡಿಯೇ ಇಲ್ಲ. ಅವರನ್ನು ಕೂರಿಸಿಕೊಂಡು ಪಾತ್ರ ಮಾಡಿಸುತ್ತಾ ಹೋದರೆ ಮೊದಲ ದಿನ ಅದಕ್ಕೇ ಸರಿಹೋಗುತ್ತದೆ. ಅದಕ್ಕೇ ಪಾತ್ರದ ಹಿನ್ನೆಲೆ, ಅಂಕ ಎಲ್ಲ ಬರೆದ ರೆಡಿ ಶೀಟ್ ಮಾಡಿಟ್ಟುಕೊಳ್ಳೋಣ ಅಂತ ಹೊರಟೆ.

ಉಳಿದ ಪಾತ್ರಗಳು ಎರಡು ಸಂಜೆಯಲ್ಲಿ ಮುಗಿದವು. ಸೋಲೋ ಅಂದರೆ ಗನ್ ಹಿಡಿದವನು, ಮೆಡ್‌ಟೆಕ್ ಅಂದರೆ ಡಾಕ್ಟರ್, ಫಿಕ್ಸರ್ ಅಂದರೆ ದಲ್ಲಾಳಿ. ಜಾಸ್ತಿ ವಿವರಿಸಬೇಕಿಲ್ಲ. ನಾನು ಸಿಕ್ಕಿಕೊಂಡಿದ್ದು ನೆಟ್‌ರನ್ನರ್ ಹತ್ತಿರ, ಅಂದರೆ ಹ್ಯಾಕರ್ ಹತ್ತಿರ.

ಮೊದಲು ಬರೆದ ಶೀಟ್ ಯಾರು ಬೇಕಾದರೂ ಊಹಿಸಬಹುದಾದದ್ದು. ಕತ್ತಲೆ ಕೋಣೆ, ನಾಲ್ಕು ಸ್ಕ್ರೀನ್, ಯಾರ ಜೊತೆಗೂ ಮಾತಿಲ್ಲದ ಮಹಾ ಜಾಣ. ಬುದ್ಧಿಗೆ 8, ದೇಹಬಲಕ್ಕೆ 2. ಬರೆದು ಖುಷಿಪಟ್ಟೆ.

ತಂಗಿಗೆ ತೋರಿಸಿದೆ. ಓದಿ ಮುಗಿಸಿ ಒಂದೇ ಮಾತು ಕೇಳಿದಳು. "ಅಕ್ಕಾ, ಇವನು ಮನೆಯಲ್ಲೇ ಕೂತಿರ್ತಾನೆ ಅಂದ್ರೆ, ನಾವೆಲ್ಲ ಹೊರಗೆ ಹೋದಾಗ ಇವನನ್ನ ಆಡೋರು ಏನು ಮಾಡ್ಬೇಕು?"

1990ರ ಸೈಬರ್‌ಪಂಕ್ 2020 ರೂಲ್ಸ್‌ನಲ್ಲಿ ಇಂಥವನು ನಡೆಯುತ್ತಿದ್ದ. ಮನೆಯಲ್ಲಿ ಕೂತೇ ದೂರದ ಸಿಸ್ಟಮ್‌ಗೆ ನುಗ್ಗಬಹುದಿತ್ತು. ಕಾಲೇಜಿನಲ್ಲಿ ಒಮ್ಮೆ ಅದನ್ನು ಆಡಿಸಿದ್ದೆ. ಉಳಿದವರು ಚುರುಮುರಿ ತಿನ್ನಲು ಹೊರಗೆ ಹೋದರು, ತಿಂದರು, ವಾಪಸ್ ಬಂದರು. ಹ್ಯಾಕರ್ ಇನ್ನೂ ಒಬ್ಬನೇ ದಾಳ ಉರುಳಿಸುತ್ತಿದ್ದ. ಆಡಿಸಲು ಬಾರದ ನನ್ನ ತಪ್ಪೂ ಇತ್ತು, ಬಿಡಿ.

2020ರಲ್ಲಿ ಬಂದ ರೆಡ್ ಪುಸ್ತಕ ಇದನ್ನು ಕಥೆಯೊಳಗೇ ಸರಿಮಾಡಿದೆ. ಕಾಲ 2045, ಊರು ನೈಟ್ ಸಿಟಿ. ರೇಚ್ ಬಾರ್ಟ್‌ಮಾಸ್ ಎಂಬ ಹ್ಯಾಕರ್ ಬಿಟ್ಟ ಡೇಟಾಕ್ರ್ಯಾಶ್ ಎಂಬ ವೈರಸ್‌ನಿಂದ ಹಳೆಯ ನೆಟ್ ಹಾಳಾಗಿದೆ. ಈಗ ಒಂದೊಂದು ಜಾಗಕ್ಕೂ ಅದರದೇ ಪುಟ್ಟ ನೆಟ್. ಅದರೊಳಗೆ ಹೋಗಬೇಕಾದರೆ ಆಕ್ಸೆಸ್ ಪಾಯಿಂಟ್‌ನಿಂದ, ಅಂದರೆ ಕನೆಕ್ಟ್ ಆಗುವ ಜಾಗದಿಂದ, 6 ಮೀಟರ್ ಒಳಗೆ ನಿಂತಿರಬೇಕು. ಟೇಪ್ ಹಿಡಿದು ಅಳೆದೆ. ನಮ್ಮ ಹಾಲ್‌ನ ಸೋಫಾದಿಂದ ಅಡುಗೆಮನೆ ಕಟ್ಟೆ ತನಕ.

ಎರಡನೇ ವಾರ

ಆದರೂ ನನಗೆ ಆ ಜಾಣನ ಮೇಲೆ ಮೋಹ. ತಂಗಿಯ ಕೈಗೆ ಅವನನ್ನೇ ಕೊಟ್ಟು ಟೆಸ್ಟ್ ಮಾಡಿದೆ. ಗೋದಾಮಿನ ಸರ್ವರ್ ರೂಮ್. ಅಲ್ಲಿನ ನೆಟ್ ಒಂದರ ಕೆಳಗೊಂದು ಮಹಡಿಯ ಥರ. ಮೊದಲ ಮಹಡಿಯಲ್ಲಿ ಪಾಸ್‌ವರ್ಡ್, ಅದು ಸಲೀಸಾಗಿ ಹೋಯಿತು. ಎರಡನೇ ಮಹಡಿಯಲ್ಲಿ ಹೆಲ್‌ಹೌಂಡ್ ಎಂಬ ಬ್ಲ್ಯಾಕ್ ಐಸ್, ಅಂದರೆ ಕಾವಲು ನಾಯಿಯಂಥ ಪ್ರೋಗ್ರಾಂ.

ಯಾರು ಮೊದಲು ಅಂತ ದಾಳ ಹಾಕಿದೆವು. ತಂಗಿಗೆ 3, ಇಂಟರ್‌ಫೇಸ್ (ನೆಟ್‌ರನ್ನರ್‌ನ ಹ್ಯಾಕಿಂಗ್ ಸಾಮರ್ಥ್ಯ) 4 ಸೇರಿ 7. ನಾಯಿಗೆ 8, ಅದರ ವೇಗ 6 ಸೇರಿ 14. ಕಚ್ಚಿತು. ಎರಡು ದಾಳಕ್ಕೆ 9, ನೇರ ಮಿದುಳಿಗೆ. ಮೇಲಿಂದ ಡೆಕ್‌ಗೂ (ಹ್ಯಾಕರ್‌ನ ಕಂಪ್ಯೂಟರ್) ಬಟ್ಟೆಗೂ ಬೆಂಕಿ. ಇನ್ಸುಲೇಟೆಡ್ ವೈರಿಂಗ್ ಹಾಕಿದ್ದರೆ ಬೆಂಕಿಯಾದರೂ ತಪ್ಪುತ್ತಿತ್ತು, ನಾನು ಹಾಕಿರಲಿಲ್ಲ. ಸರದಿ ಮುಗಿಯುವಾಗ ಇನ್ನೂ 2 ಹೋಯಿತು. ಇದ್ದ 25 ಹಿಟ್ ಪಾಯಿಂಟ್‌ನಲ್ಲಿ, ಅಂದರೆ ಜೀವದ ಅಂಕದಲ್ಲಿ, ಉಳಿದದ್ದು 14.

ನಾಯಿ ಮತ್ತೆ ಬಂತು, ಪುಣ್ಯಕ್ಕೆ ಗುರಿ ತಪ್ಪಿತು. ಮುಂದಿನ ಸರದಿಯಲ್ಲಿ ತಂಗಿ ಬೆಂಕಿ ಆರಿಸಿದಳು. ಆ ಸರದಿಗೆ ಹ್ಯಾಕಿಂಗ್ ಇಲ್ಲ. ಅಷ್ಟರಲ್ಲಿ ಕಾರಿಡಾರ್‌ನಲ್ಲಿ ಗಾರ್ಡ್‌ಗಳ ಬೂಟಿನ ಸದ್ದು. ಗಾಬರಿಯಲ್ಲಿ ಪಾತ್ರವನ್ನು ರೂಮಿನಿಂದ ಹೊರಗೆ ಓಡಿಸಿದಳು. 6 ಮೀಟರ್ ದಾಟಿತು, ಕನೆಕ್ಷನ್ ಕಿತ್ತುಹೋಯಿತು. ಹಾಗೆ ಕಿತ್ತುಕೊಂಡು ಬಂದರೆ ಒಳಗೆ ಎದುರಾದ ಐಸ್ ಇನ್ನೊಮ್ಮೆ ಕಚ್ಚುತ್ತದೆ. 8. ಮತ್ತೆ ಬೆಂಕಿ, ಮತ್ತೆ 2.

ಉಳಿದದ್ದು 4. ತಂಗಿ ಶೀಟ್ ಮೇಲೆ ಒಂದು ಪುಟ್ಟ ಗೋರಿ ಬರೆದು ವಾಪಸ್ ಕೊಟ್ಟಳು.

ಆ ರಾತ್ರಿ ರೂಲ್ಸ್ ಮತ್ತೆ ಓದುವಾಗ ಕಣ್ಣಿಗೆ ಬಿದ್ದದ್ದು ಇನ್ನೊಂದು. ನೆಟ್ ಒಳಗಿನ ರೋಲ್‌ಗೆ ಬುದ್ಧಿಯ ಅಂಕ ಸೇರುವುದೇ ಇಲ್ಲ! ಇಂಟರ್‌ಫೇಸ್ ರ‍್ಯಾಂಕ್ ಮತ್ತು ಒಂದು ಹತ್ತರ ದಾಳ, ಅಷ್ಟೇ. ಶುರುವಿನಲ್ಲಿ ಎಲ್ಲ ನೆಟ್‌ರನ್ನರ್‌ಗೂ ರ‍್ಯಾಂಕ್ 4, ಸರದಿಗೆ 3 ನೆಟ್ ಆಕ್ಷನ್. ಅಂದರೆ ನಾನು ಬುದ್ಧಿಗೆ ಸುರಿದ 8 ಅಂಕ ಆ ನಾಯಿ ಮುಂದೆ ದಂಡ. ನೆಟ್ ಒಳಗೆ ನನ್ನ ಹ್ಯಾಕರ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ. ಡೆಕ್‌ನ 7 ಸ್ಲಾಟ್‌ಗೆ ಯಾವ ಪ್ರೋಗ್ರಾಂ ತುಂಬುತ್ತೀರಿ ಅನ್ನುವಷ್ಟೇ ವ್ಯತ್ಯಾಸ. ನಿಜವಾದ ವ್ಯತ್ಯಾಸ ಇರುವುದು ದೇಹ ನಿಂತಿರುವ ರೂಮಿನಲ್ಲಿ.

ಮೂರನೇ ವಾರ

ಎಲ್ಲ ಶೀಟ್ ಹರಿದು ಹಾಕಿದೆ. ಹೊಸ ಶೀಟ್‌ಗಳ ತಲೆಯಲ್ಲಿ ಒಂದೇ ಪ್ರಶ್ನೆ: ಈ ಮನುಷ್ಯ ಬಾಗಿಲು ದಾಟಿ ಒಳಗೆ ಯಾಕೆ ಬರುತ್ತಾನೆ? ಪುಸ್ತಕದಲ್ಲಿ ನೆಟ್‌ರನ್ನರ್‌ಗೆ ಆರರ ದಾಳದ ಪಟ್ಟಿ ಇದೆ. ಬಾಡಿಗೆಗೆ ದುಡಿಯುವವನಾ, ಕಂಪನಿ ಆಳಾ, ಸುಮ್ನೆ ಮಜಾಕ್ಕೆ ಮುರಿಯುವವನಾ ಅಂತ. ಒಳ್ಳೆಯ ಪಟ್ಟಿಯೇ. ಆದರೆ ನನ್ನ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ಮೊದಲು ಕೈಹಿಡಿದವನು ಲಿಫ್ಟ್‌ನವನು. ಹತ್ತು ವರ್ಷ ಕಟ್ಟಡಗಳ ಲಿಫ್ಟ್, ಕ್ಯಾಮೆರಾ ರಿಪೇರಿ ಮಾಡಿದವನು. ಒಳಗೆ ಬರುವುದೇ ಅವನ ಕೆಲಸ, ಸಮವಸ್ತ್ರ ಇನ್ನೂ ಇದೆ. ದೇಹಬಲ 6, ಮನೋಬಲ 6, ಹಾಗಾಗಿ ಹಿಟ್ ಪಾಯಿಂಟ್ 40. ಫೈಲ್ ಕದಿಯುವುದರಲ್ಲಿ ಅವನಿಗೆ ಆಸಕ್ತಿ ಇಲ್ಲ. ಕಟ್ಟಡದ ಯಂತ್ರಗಳನ್ನು ಆಳುವ ಕಂಟ್ರೋಲ್ ನೋಡ್ ಹಿಡಿದು ಬಾಗಿಲು, ಕ್ಯಾಮೆರಾ, ಟರೆಟ್ ಗನ್ ಆಡಿಸುತ್ತಾನೆ. ಟೆಸ್ಟ್‌ನಲ್ಲಿ ಗುಂಡು ಹಾರುವಾಗ ಎಲ್ಲರೂ ಅವನ ಕಡೆಗೇ ತಿರುಗಿದರು. "ಲೋ, ಆ ಶಟರ್ ಇಳಿಸೋ ಮೊದಲು!" ಚುರುಮುರಿಗೆ ಯಾರೂ ಏಳಲಿಲ್ಲ.

ಎರಡನೆಯವಳು ನಿಜ ಘಟನೆಯೊಂದರಿಂದ ಬಂದಳು. 1990ರ ಮಾರ್ಚ್ 1ರಂದು ಅಮೆರಿಕದ ಸೀಕ್ರೆಟ್ ಸರ್ವಿಸ್ ಆಸ್ಟಿನ್‌ನ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಆಟದ ಕಂಪನಿಯ ಆಫೀಸ್ ಮೇಲೆ ದಾಳಿ ಮಾಡಿ ಕಂಪ್ಯೂಟರ್‌ಗಳನ್ನು ಹೊತ್ತೊಯ್ದಿತ್ತು. ಅವುಗಳಲ್ಲಿ ಇನ್ನೂ ಅಚ್ಚಾಗದ ಸೈಬರ್‌ಪಂಕ್ ಆಟದ ಪುಸ್ತಕವೊಂದರ ಕರಡೂ ಇತ್ತು. ಕಂಪನಿ ಕೋರ್ಟಿಗೆ ಹೋಗಿ 1993ರಲ್ಲಿ ಗೆದ್ದಿತು. ಆಟ ಬರೆಯುವವರ ಮೆಷಿನ್ನೇ ಜಪ್ತಿ! ನನ್ನ ಪಾತ್ರವೂ ಹಾಗೇ: ಬರೆದದ್ದಕ್ಕೆ ಮೆಷಿನ್ ಕಳೆದುಕೊಂಡವಳು. ಅದು ಯಾವುದೋ ಕಟ್ಟಡದ ಉಗ್ರಾಣದಲ್ಲಿದೆ. ಕಾಲಿಟ್ಟೇ ತರಬೇಕು. ಹೊರಡುವ ಮುಂಚೆ ತಳದ ಮಹಡಿಗೆ ಇಳಿದು ವೈರಸ್ ಬಿಟ್ಟು ಬರುವುದು ಅವಳ ಚಟ.

ಮೂರನೆಯವನಿಗೆ ಹೆಸರಿಟ್ಟದ್ದು ನಾನಲ್ಲ. ಮಾತಿನಲ್ಲೇ ಬಾಗಿಲು ತೆಗೆಸುವ ಹ್ಯಾಕರ್ ಅಂತ ಎರಡು ಸಾಲು ವಿವರಿಸುವಷ್ಟರಲ್ಲಿ ಗೆಳತಿಯೊಬ್ಬಳು, "ಓ, ಮೇಡಂ ಬ್ಯಾಂಕಿಂದ ಮಾತಾಡ್ತಿದ್ದೀನಿ, ಒಟಿಪಿ ಹೇಳಿ ಅಂತಾನಲ್ಲ, ಅವನೇ ತಾನೇ?" ಅಂದಳು. ಅವನೇ. ಶೀಟ್ ಮೇಲೆ "ಒಟಿಪಿ" ಅಂತಲೇ ಬರೆದಿದ್ದೇನೆ. ಕೂಲ್, ಅಂದರೆ ಜನರನ್ನು ಮರುಳುಮಾಡುವ ಅಂಕ, 8. ಪಾಸ್‌ವರ್ಡನ್ನು ಬಾಯಿಮಾತಿನಲ್ಲೇ ಗಿಟ್ಟಿಸಿದರೆ ಅದನ್ನು ಮುರಿಯುವ ಬ್ಯಾಕ್‌ಡೋರ್ ರೋಲ್ ಬೇಡ ಅಂತ ನಮ್ಮ ಟೇಬಲ್‌ಗೆ ಒಂದು ರೂಲ್ ಸೇರಿಸಿದೆ. ಇದು ಅತಿಯಾಯ್ತಾ ಅನ್ನುವ ಅನುಮಾನ ಇದೆ. ಎರಡು ಟೆಸ್ಟ್‌ನಲ್ಲಿ ಅವನು ದಾಳ ಮುಟ್ಟಿದ್ದೇ ಕಮ್ಮಿ.

ಸ್ವೋರ್ಡ್, ಹೆಲ್‌ಬೋಲ್ಟ್ ಎಂಬ ದಾಳಿ ಪ್ರೋಗ್ರಾಂ ತುಂಬಿಕೊಂಡ ಜಗಳಗಂಟನೊಬ್ಬನನ್ನೂ ಮಾಡಿದ್ದೆ. ಅವನು ಸೋಲೋನ ತಮ್ಮನ ಥರ ಕಂಡ. ಕೈಬಿಟ್ಟೆ.

ಈಗ ಎಲ್ಲಿದ್ದೇನೆ

ಮೂರು ಶೀಟ್ ಮುಗಿದಿವೆ. ಐಸ್‌ಗಳಿಗೆಲ್ಲ ಒಂದೊಂದು ಕಾರ್ಡ್ ಮಾಡಿ ನಿನ್ನೆ ಝೆರಾಕ್ಸ್‌ಗೆ ಕೊಟ್ಟೆ. ಅಂಗಡಿಯವರು ಹೆಲ್‌ಹೌಂಡ್ ಕಾರ್ಡ್ ಎತ್ತಿ ಹಿಡಿದು, "ಇದೇನ್ ಮೇಡಂ, ನಾಯಿ ಕಚ್ಚಿದ್ರೆ ಬಟ್ಟೆಗೆ ಬೆಂಕಿ ಅಂತ ಬರ್ದಿದೆ?" ಅಂದರು. ಹೌದು ಅಂದೆ. ಲ್ಯಾಮಿನೇಷನ್ ಬೇಕಾ ಅಂತ ಕೇಳಿದರು.

ಭಾನುವಾರ ಒಟಿಪಿಯನ್ನು ಇನ್ನೊಮ್ಮೆ ಟೆಸ್ಟ್ ಮಾಡಬೇಕು. ಹಳೆಯ ಜಾಣನ ಶೀಟನ್ನು, ಗೋರಿ ಸಮೇತ, ಫೈಲ್‌ನಲ್ಲಿ ಇಟ್ಟುಕೊಂಡಿದ್ದೇನೆ. ಎಲ್ಲ ಹರಿದೆ ಅಂದದ್ದು ಸುಳ್ಳು.