ಟಿವಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ನಮ್ಮ ಮನೆಯ ಪೆಟ್ಟಿಗೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಚಂದನ ವಾಹಿನಿಯ ಕಾರ್ಯಕ್ರಮಗಳನ್ನು ಈಗ ಮುದ್ರಿಸಿಕೊಳ್ಳುತ್ತಿರುವುದು ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಅದಕ್ಕೆ ಜೋಡಿಸಿದ ಯುಎಸ್‌ಬಿ ಉಪಗ್ರಹ ಟ್ಯೂನರ್ (ಡಿಶ್‌ನಿಂದ ಬರುವ ಸಂಕೇತದಲ್ಲಿ ಬೇಕಾದ ವಾಹಿನಿಯನ್ನು ಹಿಡಿಯುವ ಸಾಧನ) ಮತ್ತು ಒಂದು ಹಾರ್ಡ್ ಡಿಸ್ಕ್. ಇದರಲ್ಲಿರುವ ಟಿವಿಹೆಡೆಂಡ್ ಮತ್ತು ಕೋಡಿ ಎರಡೂ ಮುಕ್ತ ತಂತ್ರಾಂಶಗಳು. ಮೊದಲನೆಯದು ವೇಳಾಪಟ್ಟಿಯಂತೆ ಪ್ರಸಾರವನ್ನು ಹಿಡಿದು ಉಳಿಸುತ್ತದೆ, ಎರಡನೆಯದು ಪರದೆಯ ಮೇಲೆ ತೋರಿಸುತ್ತದೆ. 2002ರಲ್ಲಿ ಆರಂಭವಾದ ಮಿಥ್‌ಟಿವಿಯೂ ಇದೇ ಕೆಲಸ ಮಾಡುತ್ತದೆ.

ಡಿಜಿಟಲ್ ಪ್ರಸಾರವು ಎಂಪೆಗ್ ವಿಧಾನದಲ್ಲಿ ಮೊದಲೇ ಸಂಕುಚಿತಗೊಂಡು ಬರುವುದರಿಂದ, ಯಂತ್ರವು ಅದನ್ನು ಮತ್ತೆ ಸಂಸ್ಕರಿಸದೆ ಬಂದ ಹಾಗೆಯೇ ಡಿಸ್ಕಿಗೆ ಬರೆದರೆ ಸಾಕು. ಆದ್ದರಿಂದಲೇ ಇಷ್ಟು ಚಿಕ್ಕ ಪ್ರೊಸೆಸರ್‌ಗೆ ಈ ಕೆಲಸ ಭಾರವಾಗುವುದಿಲ್ಲ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರುವ ವಾಹಿನಿಯ ಒಂದು ಗಂಟೆಗೆ ಸುಮಾರು 1.8 ಗಿಗಾಬೈಟ್ ಜಾಗ ಬೇಕು. ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿ, ಅಂದರೆ ಉಪಗ್ರಹದ ಒಂದೇ ಪ್ರಸಾರ ಸಾಧನದ ಮೂಲಕ ಒಟ್ಟಾಗಿ ಬರುವ ಹಲವು ವಾಹಿನಿಗಳನ್ನು ಒಂದೇ ಟ್ಯೂನರ್ ಏಕಕಾಲಕ್ಕೆ ಮುದ್ರಿಸಿಕೊಳ್ಳಬಲ್ಲದು. ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದದ್ದು ಈ ಗುಣವೇ.

ಹಣ ಕೊಟ್ಟು ನೋಡುವ ವಾಹಿನಿಗಳು ಗೂಢಲಿಪಿಯಲ್ಲಿ ಬರುವುದರಿಂದ ಈ ವ್ಯವಸ್ಥೆ ಉಚಿತ ಪ್ರಸಾರಗಳಿಗೆ ಮಾತ್ರ ಸಲೀಸು. ಮಲೆನಾಡಿನ ಮಳೆಯದು ಇನ್ನೊಂದು ತೊಡಕು. ಉಪಗ್ರಹದಿಂದ ಡಿಶ್‌ಗೆ ಬರುವ, ಕೆಯು ಬ್ಯಾಂಡ್ ಎಂಬ ರೇಡಿಯೊ ತರಂಗಗಳ ಸಂಕೇತವು ಜೋರು ಮಳೆಯಲ್ಲಿ ಕ್ಷೀಣಿಸುತ್ತದೆ, ಹಾಗೆ ಕಳೆದುಹೋದ ಭಾಗವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಹೀಗಾಗಿ ಆಷಾಢಕ್ಕೆ ಮೊದಲೇ ಡಿಶ್‌ನ ದಿಕ್ಕನ್ನು ನಿಖರವಾಗಿ ಹೊಂದಿಸಿಕೊಳ್ಳುವುದು ಮತ್ತು ವಿದ್ಯುತ್ ಹೋದಾಗ ಮುದ್ರಣ ನಿಲ್ಲದಂತೆ ಯುಪಿಎಸ್ ಇಟ್ಟುಕೊಳ್ಳುವುದು ಅಗತ್ಯ. ಇಷ್ಟು ಶ್ರಮಕ್ಕೆ ಪ್ರತಿಯಾಗಿ ದೊರೆಯುವುದು, ಅಮ್ಮ ತಮಗೆ ಬಿಡುವಾದಾಗ ನೋಡಬಹುದಾದ, ಯಾವ ಕಂಪನಿಯೂ ದೂರದಿಂದ ಅಳಿಸಲಾಗದ, ಬೇರೆ ಕಂಪ್ಯೂಟರ್‌ನಲ್ಲೂ ತೆರೆದುಕೊಳ್ಳುವ ಸಾಮಾನ್ಯ ವಿಡಿಯೊ ಫೈಲು.